ಹೆಂಚು ಕೈಯಾಡಿಸುವ ಕಾಲ



ನಾನು ವಾಸವಾಗಿರುವ ರಾಮಕೃಷ್ಣನಗರದಲ್ಲಿ ಹೇಳಿಕೊಳ್ಳುವಂಥ ಹಳೆಯ ಕಟ್ಟಡಗಳಿಲ್ಲ. ವೃತ್ತದಲ್ಲಿ ಪರಮಹಂಸರ ಪ್ರತಿಮೆಯಿದೆ. ಕನ್ನಡ ಮಾಧ್ಯಮವನ್ನು ಪಟ್ಟು ಹಿಡಿದು ನಡೆಸಿಕೊಂಡು ಬಂದ ನೃಪತುಂಗ ಶಾಲೆಯಿದೆ. ಮಂಡ್ಯ ರಮೇಶ್ ಅವರ ನಟನ ರಂಗಶಾಲೆಯಿದೆ. ಆದರೆ ಮನೆಗಳೆಲ್ಲವೂ ಕಳೆದ ಶತಮಾನದ ಕೊನೆಯ ದಶಕಗಳಿಂದೀಚೆಗೆ, ನಿವೇಶನ ದೊರೆತ ಮೇಲೆ ನೌಕರಿಯವರು ಸಾಲ ಮಾಡಿ ಕಟ್ಟಿಸಿಕೊಂಡಂಥವು. ಇಂಥ ಬಡಾವಣೆಯಲ್ಲಿ ಕುಳಿತು ಮೈಸೂರಿನ ಹಳೆಯ ಕಟ್ಟಡಗಳ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಊರೇ ಪಠ್ಯಪುಸ್ತಕವಾಗಿತ್ತು. ಪ್ರತಿವರ್ಷ ಎಂಟನೆಯ ತರಗತಿಯವರನ್ನು ಸಾಲಾಗಿ ನಿಲ್ಲಿಸಿಕೊಂಡು, ಬುತ್ತಿ ಕಟ್ಟಿಸಿಕೊಂಡು ಊರು ಸುತ್ತಿಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ದೊಡ್ಡ ಗಡಿಯಾರದ ಕನ್ನಡ ಅಂಕಿಗಳನ್ನು ನೋಡಿ ಹೊತ್ತು ಹೇಳಲು ನೀವು ತಡಕಾಡುತ್ತಿದ್ದುದು ನನಗಂತೂ ಚೆನ್ನಾಗಿ ನೆನಪಿದೆ.

ಆ ಪ್ರವಾಸಗಳಲ್ಲಿ ನಾನು ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ: "ಕಟ್ಟಡದ ಮುಂದೆ ನಿಂತಾಗ ಗೋಪುರ, ಕಂಬ, ಕಮಾನುಗಳನ್ನು ಆಮೇಲೆ ನೋಡಿ. ಮೊದಲು ಮಳೆಯ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ, ನೋಡಿ." ಹುಡುಗರು ನಗುತ್ತಿದ್ದರು. ಅರಮನೆ ತೋರಿಸಲು ಕರೆತಂದು ಈ ಮೇಷ್ಟ್ರು ದೋಣಿ ಕೊಳವೆ ತೋರಿಸುತ್ತಾರೆ ಎಂಬುದು ಅವರ ಹಾಸ್ಯ. ನಿವೃತ್ತನಾಗಿ ಇಷ್ಟು ವರ್ಷಗಳಾದ ಮೇಲೂ ಹಳೆಯ ಕಟ್ಟಡಗಳ ವಿಷಯದಲ್ಲಿ ನನಗೆ ಹೇಳಲಿರುವುದು ಹೆಚ್ಚುಕಡಿಮೆ ಅದೇ ಮಾತು.

ಅರಮನೆಯ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದುದು, ವಾಣೀವಿಲಾಸ ಸನ್ನಿಧಾನದವರ ಆಡಳಿತಕಾಲದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಹೊಸ ಅರಮನೆಯ ಕೆಲಸ ಆರಂಭವಾದುದು, 1912ರಲ್ಲಿ ಅದು ಮುಗಿದುದು ಎಲ್ಲರೂ ಬಲ್ಲ ಸಂಗತಿಗಳು. ಲಕ್ಷಾಂತರ ಜನ ಹಣ ಕೊಟ್ಟು ನೋಡಲು ಬರುವ ಕಟ್ಟಡವನ್ನು ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ಊರಿನ ಉಳಿದ ಕಟ್ಟಡಗಳಿಗೆ ಅಂಥ ಭಾಗ್ಯವಿಲ್ಲ.

ಅರಮನೆಗಿಂತ ಹೆಚ್ಚು ಪಾಠ ಹೇಳುವುದು ಅಲ್ಲಿಯ ಹೆಣ್ಣುಮಕ್ಕಳ ಮನೆಗಳು. ಚಾಮರಾಜೇಂದ್ರ ಒಡೆಯರ ಮೂವರು ಕುಮಾರಿಯರ ಮೂರು ಮಹಲುಗಳು ಊರಿನ ಮೂರು ದಿಕ್ಕಿನಲ್ಲಿವೆ. ಮೂರೂ ಹೆಚ್ಚುಕಡಿಮೆ ಒಂದೇ ಕಾಲದವು, ಒಂದೇ ಬಗೆಯ ಇಟ್ಟಿಗೆ, ಸುಣ್ಣ, ತೇಗದವು. ಆದರೆ ಅವು ಪಡೆದುಕೊಂಡು ಬಂದದ್ದು ಬೇರೆ ಬೇರೆ.

ಕಿರಿಯರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರಿನಿಂದ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ. ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎಂದೇ ಕರೆಯುವುದು. ಅಂದಿನಿಂದ ಇಂದಿನವರೆಗೆ ಅಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವವರಿದ್ದಾರೆ, ಸಂಜೆ ಕಿಟಕಿ ಮುಚ್ಚುವವರಿದ್ದಾರೆ. ಒಮ್ಮೆ ಬೇಲಿಯಾಚೆಯಿಂದ ಅದನ್ನು ತೋರಿಸುತ್ತಿದ್ದಾಗ ಹುಡುಗಿಯೊಬ್ಬಳು, "ಸಾರ್, ರಾಜಕುಮಾರಿ ಇದ್ದ ಮನೆಯಲ್ಲಿ ಈಗ ಉಪ್ಪಿನಕಾಯಿ ಪರೀಕ್ಷೆ ಮಾಡ್ತಾರಾ?" ಎಂದು ಮುಖ ಸಣ್ಣದು ಮಾಡಿಕೊಂಡಳು. ಅದರಿಂದಲೇ ಅಮ್ಮಾ ಅದು ಉಳಿದಿರುವುದು ಎಂದು ನಾನು ಹೇಳಿದೆ.

ನಜರಬಾದಿನ ಕಾರಂಜಿ ಮಹಲು ಎರಡನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನೊಂದಿಗೆ ಸೇರಿಕೊಂಡಿರುವಂಥದು. ಆ ತಾಯಿ ಎಳೆಯ ವಯಸ್ಸಿನಲ್ಲಿಯೇ ಕ್ಷಯರೋಗದಿಂದ ತೀರಿಕೊಂಡರು. ಕೃಷ್ಣರಾಜಸಾಗರ ರಸ್ತೆಯ ಕ್ಷಯರೋಗ ಆಸ್ಪತ್ರೆಯನ್ನು ಪಿ.ಕೆ.ಟಿ.ಬಿ. ಎಂದು ದಿನಾಲೂ ಹೇಳುವವರಲ್ಲಿ ಎಷ್ಟು ಮಂದಿಗೆ ಆ ಮೊದಲೆರಡು ಅಕ್ಷರಗಳು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಎಂಬುದು ಗೊತ್ತೋ! ಮಹಲು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ರಾಜ್ಯ ರಾಜ್ಯಗಳಿಂದ ಬಂದ ಅಂಚೆ ನೌಕರರು ಅಲ್ಲಿ ಪಾಠ ಕಲಿತು ಹೋದರು. ಆ ಮನೆಗೂ ಒಂದು ದಿನಚರಿ ದೊರೆಯಿತು.

ಹಿರಿಯರಾದ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸದ ಕಥೆ ಹಾಗಲ್ಲ. ಯಾರ ಮದುವೆಯಲ್ಲಿ ಅರಮನೆ ಸುಟ್ಟಿತೋ ಅದೇ ಮದುಮಗಳ ಮನೆ ಅದು. 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲವದು. ಸುತ್ತಲಿನ ಪ್ರದೇಶ ಮಾನಸಗಂಗೋತ್ರಿಯಾಯಿತು. ಮುಂದೆ ಅರವತ್ತರ ದಶಕದ ಕೊನೆಯಲ್ಲಿ ಮಹಲಿನೊಳಗೆ ಜಾನಪದ ವಸ್ತುಸಂಗ್ರಹಾಲಯ ಬಂತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮುಂತಾದವರು ಹಳ್ಳಿಹಳ್ಳಿ ಸುತ್ತಿ ತಂದ ಸೋಮನ ಮುಖವಾಡ, ತೊಗಲುಗೊಂಬೆ, ಒನಕೆ, ಕೊಳಗ, ಬುಡ್ಡಿದೀಪಗಳು ರಾಜಕುಮಾರಿಯ ಹಜಾರದಲ್ಲಿ ಬಂದು ಕುಳಿತವು. ರೈತನ ನೇಗಿಲು ಅರಮನೆಯ ತೇಗದ ಬಾಗಿಲ ಪಕ್ಕದಲ್ಲಿ! ಇದಕ್ಕಿಂತ ಒಳ್ಳೆಯ ಸಮಾಜ ವಿಜ್ಞಾನದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಸೂರು ಸೋರುತ್ತಿತ್ತು. ಇನ್ಫೋಸಿಸ್ ಪ್ರತಿಷ್ಠಾನ ಒಂದು ಕೋಟಿ ಹದಿನೇಳು ಲಕ್ಷ ರೂಪಾಯಿ ನೀಡಿ ಮಾಡಿಸಿದ ಜೀರ್ಣೋದ್ಧಾರ 2006ರಲ್ಲಿ ಮುಗಿದಾಗ ನಾವೆಲ್ಲ ಸಂತೋಷಪಟ್ಟೆವು. ನಾನೂ ಹೋಗಿ ನೋಡಿ ಬಂದೆ. ಬಣ್ಣ ಹೊಳೆಯುತ್ತಿತ್ತು, ನೆಲ ಮಿನುಗುತ್ತಿತ್ತು. ಕೆಲವು ವರ್ಷ ಕಳೆಯುವುದರೊಳಗೆ ಮತ್ತೆ ಸೋರಿಕೆ, ಮತ್ತೆ ಬಿರುಕು. ಕೋಣೆಗಳು ಒಂದೊಂದಾಗಿ ಮುಚ್ಚಿದವು. ಈಚೆಗೆ ಅಮೆರಿಕದ ರಾಯಭಾರ ಕಚೇರಿಯ ಪರಂಪರೆ ನಿಧಿಯ ನೆರವಿನಿಂದ ಮತ್ತೊಮ್ಮೆ ಜೀರ್ಣೋದ್ಧಾರಕ್ಕೆ ಮುಂದಾಗಿದ್ದಾರೆ. ಒಳ್ಳೆಯದಾಗಲಿ. ಆದರೆ ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಕೋಟಿ ರೂಪಾಯಿಯ ಕೆಲಸ ಮುಗಿದ ಮರುವರ್ಷ, ಮೇ ತಿಂಗಳಲ್ಲಿ, ಏಣಿ ಹತ್ತಿ ಮಾಡಿನ ಮೇಲಿನ ತರಗೆಲೆ ಗುಡಿಸುವ ಒಬ್ಬ ಆಳಿಗೆ ಸಂಬಳವನ್ನು ಯಾರು ಕೊಡುತ್ತಾರೆ? ಜೀರ್ಣೋದ್ಧಾರಕ್ಕೆ ದಾನಿಗಳು ಸಿಗುತ್ತಾರೆ, ಕಲ್ಲಿನ ಫಲಕವೂ ಬರುತ್ತದೆ. ಗುಡಿಸುವುದಕ್ಕೆ ದಾನಿಗಳಿಲ್ಲ.

ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ಬಾಲ್ಯದಲ್ಲಿ ಮುಂಗಾರಿಗೆ ಮುನ್ನ ಮನೆಗೆ ಹೆಂಚು ಕೈಯಾಡಿಸುವವರು ಬರುತ್ತಿದ್ದರು. ತಂದೆಯವರು ಸಂಬಳದಲ್ಲಿ ಅದಕ್ಕೆಂದೇ ಹಣ ತೆಗೆದಿಡುತ್ತಿದ್ದರು. ಆ ವರ್ಷ ಹಬ್ಬಕ್ಕೆ ಬಟ್ಟೆ ತಪ್ಪಿದರೂ ಹೆಂಚು ತಪ್ಪುತ್ತಿರಲಿಲ್ಲ. ಕೈಯಾಡಿಸುವವರು ಸಾಲು ಹಿಡಿದು ಹೆಂಚುಗಳನ್ನು ಎತ್ತಿ, ಕಸ ಹೊಡೆದು, ಒಡೆದದ್ದನ್ನು ಬದಲಾಯಿಸಿ, ಹುಳು ತಿಂದ ರೀಪು ತೆಗೆದು ಹೊಸದು ಬಡಿದು, ಸಂಜೆಯೊಳಗೆ ಮತ್ತೆ ಜೋಡಿಸಿಬಿಡುತ್ತಿದ್ದರು. ತಾಯಿಯವರು ಕೆಳಗೆ ಪಾತ್ರೆ ಪಡಗಗಳಿಗೆಲ್ಲ ಹಳೆಯ ಸೀರೆ ಹೊದಿಸಿ, ದೂಳಿನಲ್ಲಿಯೇ ಅವರಿಗೆ ಮಜ್ಜಿಗೆ ಕೊಡುತ್ತಿದ್ದರು. ನೂರು ವರ್ಷ ಬಾಳಿದ ಮನೆ ಎಂದರೆ ಇಂಥ ನೂರು ದಿನಗಳನ್ನು ಕಂಡ ಮನೆ ಎಂದೇ ಅರ್ಥ.

ಹೆಂಚಿನ ಮನೆಯಲ್ಲಿ ಒಂದು ಅನುಕೂಲವಿದೆ. ಸೋರಿದರೆ ತಲೆಯ ಮೇಲೆಯೇ ತೊಟ್ಟಿಕ್ಕುತ್ತದೆ. ದೊಡ್ಡ ಕಟ್ಟಡಗಳ ಮದ್ರಾಸ್ ತಾರಸಿ ಹಾಗಲ್ಲ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿಯನ್ನು ಸುಣ್ಣದೊಂದಿಗೆ ಬೆರೆಸಿ ದಿನಗಟ್ಟಲೆ ಬಡಿದು ಕೂರಿಸುತ್ತಾರೆ. ಮೇಲೆ ಚಪ್ಪಟೆ ಬಿಲ್ಲೆಗಳು. ಚೆನ್ನಾಗಿ ನೋಡಿಕೊಂಡರೆ ತಲೆಮಾರುಗಳ ಕಾಲ ನಿಲ್ಲುವ ಕೆಲಸ. ಆದರೆ ನೀರು ಇಳಿಯುವ ತೂತಿಗೆ ಎಲೆ ಕಟ್ಟಿಕೊಂಡರೆ, ಹಕ್ಕಿ ಹಾಕಿಹೋದ ಅರಳಿಯ ಬೀಜ ಗೋಡೆಯ ಸಂದಿಯಲ್ಲಿ ಬೇರುಬಿಟ್ಟರೆ, ನೀರು ನಿಧಾನವಾಗಿ ಒಳಗಿಳಿಯುತ್ತದೆ. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಯಾರೋ ಬಂದು ಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆಯುತ್ತಾರೆ. ಸುಣ್ಣದ ಗೋಡೆ ಹೀರಿದ ತೇವವನ್ನು ಮತ್ತೆ ಹೊರಕ್ಕೆ ಬಿಡುವಂಥದು. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಹೊರಗೆ ಅಂದ, ಒಳಗೆ ಕೊಳೆತ. ಒಂದು ದಿನ ಎಲ್ಲವೂ ಒಟ್ಟಿಗೆ ಕೆಳಗೆ ಬರುತ್ತದೆ.

ಇದು ಬರಿಯ ಮಾತಲ್ಲ. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗಾಗಿ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡ ನಮ್ಮಂಥವರಿಗೆ ಹಳೆಯ ಪುಸ್ತಕಗಳ ಊರಾಗಿತ್ತು. ಅಲ್ಲಿ ಅರ್ಧ ಬೆಲೆಗೆ ಕೊಂಡ ಪುಸ್ತಕದಿಂದ ನಾನು ಪರೀಕ್ಷೆ ಬರೆದವನು, ನನ್ನ ಶಿಷ್ಯರೂ ಬರೆದವರು. 2012ರ ಆಗಸ್ಟ್ 25ರಂದು ಅದರ ಸೂರು ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ಮೇಲೆ, 2016ರ ಆಗಸ್ಟ್ 28ರಂದು, ಎದುರಿನ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಸಾಧ್ಯವೆಂದು ಪರಂಪರೆ ತಜ್ಞರ ಪಕ್ಷ. ವಾದ ನ್ಯಾಯಾಲಯದ ಮೆಟ್ಟಿಲೇರಿತು. ನಡುವೆ ಹೂವಾಡಗಿತ್ತಿಯರು, ವೀಳ್ಯದೆಲೆಯವರು, ಅರಿಶಿನ ಕುಂಕುಮದವರು ವರ್ಷಗಟ್ಟಲೆ ತೂಗುಕತ್ತಿಯ ಕೆಳಗೆ ವ್ಯಾಪಾರ ಮಾಡಬೇಕಾಯಿತು. ಒಂದು ಮಾತು ಗಮನಿಸಿ: ಎರಡೂ ಕುಸಿತಗಳು ಆಗಸ್ಟ್ ತಿಂಗಳಿನವು, ಮಳೆಗಾಲದವು.

2022ರ ಅಕ್ಟೋಬರಿನಲ್ಲಿ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ. ಅದೇ ತಿಂಗಳು ಅರಮನೆಯ ಕೋಟೆಗೋಡೆಯ ಒಂದು ಭಾಗವೂ ಬಿತ್ತು. ಕಾಲೇಜಿನ ಸುದ್ದಿ ಕೇಳಿದಾಗ ನನ್ನ ಹಳೆಯ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕೆನಿಸಿತು. ಕಟ್ಟಡ ಉಪಯೋಗದಲ್ಲಿದ್ದರೆ ಉಳಿಯುತ್ತದೆ ಎಂದು ಹೇಳುತ್ತ ಬಂದವನು ನಾನು. ಅಲ್ಲಿ ದಿನವೂ ಹೆಣ್ಣುಮಕ್ಕಳು ಓದುತ್ತಿದ್ದರಲ್ಲ! ಆದ್ದರಿಂದ ಉಪಯೋಗವೊಂದೇ ಸಾಲದು. ಬಾಡಿಗೆಗೆ ಇರುವವನೂ ಮನೆಯನ್ನು ಉಪಯೋಗಿಸುತ್ತಾನೆ, ಆದರೆ ಮಾಡಿನ ಮೇಲೇರಿ ನೋಡುವುದಿಲ್ಲ. ಉಪಯೋಗಿಸುವವನಿಗೇ ಮಾಡಿನ ಜವಾಬ್ದಾರಿಯೂ ಇದ್ದಾಗ ಮಾತ್ರ ಕಟ್ಟಡ ಉಳಿಯುತ್ತದೆ.

ಇಷ್ಟು ಹೊತ್ತು ಹೇಳಿದವು ದೊಡ್ಡವರ ಕಟ್ಟಡಗಳು. ನಮ್ಮಂಥವರ ಮನೆಗಳ ಗತಿಯೇನು? ಮೈಸೂರಿನಲ್ಲಿ ಪಾರಂಪರಿಕವೆಂದು ಗುರುತಿಸಿರುವ ಕಟ್ಟಡಗಳು ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಅರಸರವು, ಸರ್ಕಾರದವು. ಗುಮಾಸ್ತರ, ಮೇಷ್ಟ್ರುಗಳ, ವಕೀಲರ ಮನೆಗಳಿಗೆ ಪಟ್ಟಿಯಲ್ಲಿ ಸ್ಥಳ ಕಡಿಮೆ. ಆದರೆ ಊರಿನ ದೊಡ್ಡ ಕೆಲಸಗಳೆಷ್ಟೋ ಇಂಥ ಮನೆಗಳಲ್ಲಿಯೇ ನಡೆದಿವೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ದೊರೆತದ್ದು ಆ ಮನೆಯ ಕೇಂದ್ರದಿಂದ.

ಆರ್.ಕೆ. ನಾರಾಯಣ್ ಅವರ ಯಾದವಗಿರಿಯ ಮನೆಯ ಕಥೆ ನಿಮಗೆಲ್ಲ ಗೊತ್ತಿದೆ. ಮಹಾರಾಜ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗನಾದ ಅವರು ಬಹುಕಾಲ ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲಿದ್ದು, 1950ರ ದಶಕದ ಆರಂಭದಲ್ಲಿ ಆ ಮನೆ ಕಟ್ಟಿಸಿದರು. ಸುತ್ತಲೂ ಕಿಟಕಿಗಳಿರುವ ಅರ್ಧವೃತ್ತಾಕಾರದ ಬರೆಯುವ ಕೋಣೆ ಅದರ ವಿಶೇಷ. 2011ರಲ್ಲಿ ಅದನ್ನು ಕೆಡವಲು ಆರಂಭಿಸಿದಾಗ ಪತ್ರಿಕೆಗಳು ಕೂಗೆಬ್ಬಿಸಿದವು, ಕೆಲಸ ನಿಂತಿತು. ಕನ್ನಡದಲ್ಲಿ ಬರೆಯದವರ ಮನೆಗೆ ಸರ್ಕಾರದ ಹಣವೇಕೆ ಎಂದು ಕೆಲವು ಲೇಖಕರು ಆಕ್ಷೇಪಿಸಿದರು. ಕೊನೆಗೆ ಸಾರ್ವಜನಿಕ ಹಣದಿಂದಲೇ ಮನೆಯನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ಸ್ಮಾರಕವಾಗಿ ತೆರೆದರು. ಕೆಡವಲು ಹೊರಟಾಗ ಆ ಮನೆಗೆ ಅರವತ್ತು ವರ್ಷವೂ ಆಗಿರಲಿಲ್ಲ. ಬೆಲೆ ಬರುವುದು ವಯಸ್ಸಿನಿಂದ ಮಾತ್ರವಲ್ಲ, ಒಳಗೆ ನಡೆದ ಬಾಳಿನಿಂದ. ಆದರೆ ನಾರಾಯಣ್ ಅವರ ಮನೆಯನ್ನು ಉಳಿಸಿದ ಹಾಗೆ ಎಲ್ಲರ ಮನೆಯನ್ನೂ ಸರ್ಕಾರ ಕೊಳ್ಳಲಾಗದು, ಕೊಳ್ಳಬೇಕಾಗಿಯೂ ಇಲ್ಲ.

ಈ ಲೇಖನ ಬರೆಯಲು ಕಾರಣವಾದದ್ದು ಒಂದು ಮಿಂಚಂಚೆ. ಬರೆದವನು ಅಮೆರಿಕದಲ್ಲಿರುವ ನನ್ನ ಹಳೆಯ ಶಿಷ್ಯ. ಲಕ್ಷ್ಮೀಪುರದಲ್ಲಿ ಅವನ ತಾತ ಕಟ್ಟಿಸಿದ ಮನೆಯೊಂದಿದೆ. ಮುಂದೆ ಜಗಲಿ, ಮರದ ಕಂಬಗಳು, ಮಂಗಳೂರು ಹೆಂಚು, ಕಾಲಿಟ್ಟರೆ ತಣ್ಣಗಿರುವ ಕೆಂಪು ಗಾರೆಯ ನೆಲ, ಹಿತ್ತಲಲ್ಲಿ ಬಾವಿ, ಬಚ್ಚಲಲ್ಲಿ ಹಂಡೆ ಒಲೆ. ತಾಯಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದಿದೆ. ನಾಲ್ವರು ಮಕ್ಕಳು ನಾಲ್ಕು ಊರಲ್ಲಿದ್ದಾರೆ. ಅಪಾರ್ಟ್‌ಮೆಂಟು ಕಟ್ಟುವವರು ಒಳ್ಳೆಯ ಬೆಲೆ ಹೇಳಿದ್ದಾರೆ. ತಂಗಿಗೆ ಹಣದ ಅವಶ್ಯಕತೆಯಿದೆ. "ಸಾರ್, ಮಾರಿದರೆ ತಾತನಿಗೆ ದ್ರೋಹ, ಇಟ್ಟುಕೊಂಡರೆ ತಂಗಿಗೆ ದ್ರೋಹ. ನೀವೇ ಹೇಳಿ," ಎಂದು ಬರೆದಿದ್ದ.

ಹೊರಗಿನವನಾದ ನಾನು ಇದರಲ್ಲಿ ಹೇಳುವುದು ಸುಲಭವಲ್ಲ. ಬೇರೆಯವರ ಮನೆಯನ್ನು ಉಳಿಸಿ ಎಂದು ಉಪದೇಶಿಸುವುದಕ್ಕೆ ಖರ್ಚಿಲ್ಲ. ಕಂದಾಯ ಕಟ್ಟುವವನು ಅವನು, ಹುಲ್ಲು ಕೀಳಿಸುವವನು ಅವನು. ಅಗ್ರಹಾರದಲ್ಲಿ, ಚಾಮುಂಡಿಪುರದಲ್ಲಿ ಹಳೆಯ ಮನೆ ಬಿದ್ದಾಗಲೆಲ್ಲ ಹಾದುಹೋಗುವವರು ಛೇ ಎನ್ನುತ್ತಾರೆ. ಆ ಮನೆಯ ಹಿರಿಯ ಜೀವ ಒಂಟಿಯಾಗಿ ಸೋರುವ ಸೂರಿನ ಕೆಳಗೆ ಬಿಂದಿಗೆ ಇಟ್ಟುಕೊಂಡು ಕೂತಿದ್ದಾಗ ಯಾರೂ ಛೇ ಎಂದಿರುವುದಿಲ್ಲ. ಆದ್ದರಿಂದ ಮಾರಬೇಡ ಎಂದು ನಾನು ಬರೆಯಲಿಲ್ಲ. ಮಾರುವುದೇ ಆದರೂ, ಉಳಿಸುವುದೇ ಆದರೂ, ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳಿವೆ ಎಂದು ಬರೆದೆ.

ಮೊದಲನೆಯದು, ಈ ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸು. ಸೋರುವ ಮನೆಗೆ ತಾನೇ ತೀರ್ಮಾನ ಮಾಡಿಕೊಳ್ಳುವ ಸ್ವಭಾವವಿದೆ. ಎರಡು ಮಳೆಗಾಲ ಬಿಟ್ಟರೆ ಉಳಿಸಬೇಕೆಂದರೂ ಉಳಿಯದು. ಎರಡನೆಯದು, ಮನೆಯ ನಕ್ಷೆ ಬರೆಸು. ಯಾವ ಕೋಣೆ ಎಷ್ಟು ಅಡಿ, ತೊಲೆ ಎಷ್ಟು ದಪ್ಪ, ನೀರು ಎಲ್ಲಿಂದ ಹರಿಯುತ್ತದೆ ಎಲ್ಲವನ್ನೂ ಗುರುತಿಸು. ಛಾಯಾಚಿತ್ರಗಳನ್ನು ತೆಗೆಸು, ಹಬ್ಬದ ದಿನದ ಚಿತ್ರಗಳಲ್ಲ, ಬಾಗಿಲ ಚಿಲಕ, ಗೂಡು, ಬಾವಿಯ ರಾಟೆ ಇವುಗಳವು. ಮೂರನೆಯದು, ಮನೆಯನ್ನು ಮನೆಯಾಗಿಯೇ ಉಪಯೋಗಿಸುವವರು ಇದ್ದಾರೆಯೇ ಎಂದು ಹುಡುಕು. ವೈದ್ಯರಿಗೆ, ಸಂಗೀತ ಪಾಠದವರಿಗೆ, ಶಿಶುವಿಹಾರಕ್ಕೆ, ಯೋಗ ಕಲಿಯಲು ದೂರದೇಶಗಳಿಂದ ಈ ಊರಿಗೆ ಬರುವವರಿಗೆ ಇಂಥ ಮನೆ ಬೇಕಾಗುತ್ತದೆ. ಲಲಿತಮಹಲು 1974ರಲ್ಲಿ ಹೋಟೆಲಾದದ್ದರಿಂದ ಅದರ ಮಾನವೇನೂ ಹೋಗಲಿಲ್ಲ. ಕರಾರಿನಲ್ಲಿ ಮಾತ್ರ ವರ್ಷಕ್ಕೊಮ್ಮೆ ಮಾಡು ನೋಡಿಸುವ ಹೊಣೆ ಯಾರದೆಂದು ಸ್ಪಷ್ಟವಾಗಿ ಬರೆಸು. ನಾಲ್ಕನೆಯದು, ತಂಗಿಯೊಡನೆ ಮಾತಾಡು. ಅವಳ ಪಾಲನ್ನು ಉಳಿದ ಮೂವರು ಕೊಡಬಲ್ಲಿರಾದರೆ ಕೊಡಿ. ಕೊಡಲಾರಿರಾದರೆ ಅವಳ ಕಷ್ಟಕ್ಕಿಂತ ತಾತನ ಕಂಬ ದೊಡ್ಡದಲ್ಲ. ಮಾರಿ. ಆದರೆ ಬಾಗಿಲು, ಕಂಬ, ತೊಲೆಗಳು ಒಲೆಗೆ ಹೋಗದಂತೆ ನೋಡಿಕೊಳ್ಳಿ.

ಉತ್ತರ ಬಂತು. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಹೆಂಚಿಗೆ ಹಣ ಕಳಿಸಿದ್ದಾನೆ. ಕೈಯಾಡಿಸುವವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು, ಅದು ಸುಲಭವಾಗಿರಲಿಲ್ಲ. ಆ ಕೆಲಸ ಬಲ್ಲವರು ವಯಸ್ಸಾದವರು, ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ಕೊನೆಗೆ ನಂಜನಗೂಡಿನ ಕಡೆಯ ಇಬ್ಬರು ಸಿಕ್ಕರು. ಮೂರು ದಿನ ಕೆಲಸ ಮಾಡಿದರು. ಅವರ ಜೊತೆ ಕೆಳಗೆ ನಿಂತು ಹೆಂಚು ಎಣಿಸುತ್ತಿದ್ದಾಗ ನನಗೆ ಅನ್ನಿಸಿದ್ದು: ಕಟ್ಟಡ ಉಳಿಸುವುದೆಂದರೆ ಈ ಇಬ್ಬರ ಕೈಗೆ ಕೆಲಸ ಉಳಿಸುವುದೂ ಹೌದು. ಸುಣ್ಣ ಅರೆಯುವವನು, ಗಾರೆ ಬಡಿಯುವವಳು, ಹೆಂಚು ಜೋಡಿಸುವವನು ಇವರೆಲ್ಲ ಮರೆಯಾದ ಮೇಲೆ ಎಷ್ಟು ಕೋಟಿ ಕೊಟ್ಟರೂ ಹಳೆಯ ಕಟ್ಟಡವನ್ನು ಸರಿಮಾಡುವವರಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಾವಿಂದು ಹಳೆಯದೆನ್ನುವ ಲಕ್ಷ್ಮೀಪುರವೂ ಒಂದು ಕಾಲದ ಹೊಸ ಬಡಾವಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಜನ ಸತ್ತಮೇಲೆ, ಗಾಳಿ ಬೆಳಕಿನ ಮನೆಗಳು ಬೇಕೆಂದು ಯೋಚಿಸಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಮಂಡಳಿ ಸ್ಥಾಪಿಸಿದ ಊರು ನಮ್ಮದು. ಅಗಲ ಬೀದಿ, ಸಾಲು ಮನೆ, ಸಂಬಳದವರ ಆಸೆಗಳು. ಅಂದಿನವರಿಗೆ ಅದೇ ರಾಮಕೃಷ್ಣನಗರವಾಗಿತ್ತು. ನಮ್ಮ ಕಾಂಕ್ರೀಟು ಮನೆಗಳೂ ಹಳೆಯವಾಗುತ್ತಿವೆ. ಕೆಲವು ಮನೆಗಳ ತಾರಸಿಯಲ್ಲಿ ಕಂಬಿ ತುಕ್ಕು ಹಿಡಿದು ಗಾರೆ ಉದುರುತ್ತಿದೆ, ಮಕ್ಕಳು ದೂರವಿದ್ದಾರೆ, ಬೀಗ ಬೀಳುತ್ತಿವೆ. ಅವುಗಳಲ್ಲಿ ಯಾವುದು ಮುಂದೆ ಬೆಲೆಯುಳ್ಳದ್ದೆನಿಸುತ್ತದೆಯೋ ನಮಗೆ ತಿಳಿಯದು. ತೂತು ಕಟ್ಟಿಕೊಂಡಿದ್ದರೆ ಬಿಡಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಮೈಸೂರಿನಲ್ಲೋ ಬೇರೆ ಊರಿನಲ್ಲೋ ನಿಮ್ಮ ಹಿರಿಯರ ಮನೆ ಇನ್ನೂ ನಿಂತಿದ್ದರೆ, ಈ ಬಾರಿ ಬಂದಾಗ ಒಂದು ದಿನ ಅದಕ್ಕಾಗಿ ಇಟ್ಟುಕೊಳ್ಳಿ. ಅಳತೆಪಟ್ಟಿ, ಒಂದು ನೋಟ್‌ಪುಸ್ತಕ ತನ್ನಿ. ಜೊತೆಗೆ ಹಿರಿಯರೊಬ್ಬರನ್ನು ಕೂರಿಸಿಕೊಂಡು ಯಾವ ಕೋಣೆಯಲ್ಲಿ ಏನು ನಡೆಯಿತು ಎಂದು ಕೇಳಿ ಬರೆದುಕೊಳ್ಳಿ. ಏಣಿ ಹತ್ತುವ ಕೆಲಸವನ್ನು ಬಲ್ಲವರಿಗೇ ಬಿಡಿ. ಆಮೇಲೆ ಬಿಡುವಾದಾಗ ನನಗೂ ನಾಲ್ಕು ಸಾಲು ಬರೆಯಿರಿ.